ಚಿನ್ನದ ಅಂಚಿನ ಮೇಲಿನ ಗೀರು

ವಾಚಿನ ಕೆಲಸ ಕಲಿಯಬೇಕೆನ್ನುವ ಹುಡುಗರು ಈಗಲೂ ಆಗೊಬ್ಬರು ಈಗೊಬ್ಬರು ಜೇವರ್ಗಿಯ ನಮ್ಮ ಮನೆ ಹುಡುಕಿಕೊಂಡು ಬರುತ್ತಾರೆ. "ಕಾಕಾ, ಈ ಲೈನಿನಾಗ ಇನ್ನಾ ಭವಿಷ್ಯ ಅದ ಏನ್ರಿ?" ಎಂದು ಕೇಳುತ್ತಾರೆ. ಇದೆ ಎಂದೇ ಹೇಳುತ್ತೇನೆ. ಟೈಮ್ ನೋಡುವುದಕ್ಕೆ ಈಗ ಯಾರಿಗೂ ವಾಚು ಬೇಕಾಗಿಲ್ಲ, ಜೇಬಿನಲ್ಲಿ ಮೊಬೈಲ್ ಇದೆ. ವಾಚು ಬೇಕಾಗಿರುವುದು ಬೇರೆಯವರು ತನ್ನ ಕೈ ನೋಡಲಿ ಎಂಬುದಕ್ಕೆ. ಆ ಆಸೆ ಮನುಷ್ಯನಿಗೆ ಇರುವತನಕ ದುಬಾರಿ ವಾಚಿನ ಕೆಲಸಕ್ಕೆ ಕುಂದಿಲ್ಲ.

ಗಾಲಿ, ಸ್ಪ್ರಿಂಗು, ಎಣ್ಣೆ ಬಿಡುವುದು ಇವನ್ನೆಲ್ಲ ಯಾರಾದರೂ ಕಲಿಸುತ್ತಾರೆ. ವಾಚು ಕಟ್ಟಿಕೊಳ್ಳುವವರ ವಿಷಯ ಮಾತ್ರ ಯಾರೂ ಕಲಿಸುವುದಿಲ್ಲ. ಅದನ್ನು ಬರೆದಿಡೋಣವೆಂದು ಕುಳಿತಿದ್ದೇನೆ. "ಅಪ್ಪಾ, ಜರಾ ಸಮಾಧಾನದಿಂದ ಬರಿ, ಬೈಕೋತ ಬರೀಬ್ಯಾಡ," ಎಂದು ಮಗಳು ಹೇಳಿದ್ದಾಳೆ. ಪ್ರಯತ್ನ ಮಾಡುತ್ತೇನೆ. ಆಗುತ್ತದೆ ಎಂಬ ಭರವಸೆ ನನಗಿಲ್ಲ.

ನನ್ನ ಹೆಸರು ಶರಣಪ್ಪ ಹೊಸಮನಿ, ಊರು ಇಜೇರಿ. ಅಪ್ಪ, ಅವ್ವ ಬೇರೆಯವರ ಹೊಲದಲ್ಲಿ ತೊಗರಿ ಕೊಯ್ದು ನನ್ನನ್ನು ಹೈಸ್ಕೂಲಿನ ತನಕ ಓದಿಸಿದರು. ಮುಂದೆ ಕಲಬುರಗಿಗೆ ಹೋಗಿ, ಮಾರ್ಕೆಟ್ಟಿನ ಮೂಲೆಯಲ್ಲಿ ಗಾಜಿನ ಪೆಟ್ಟಿಗೆಯಷ್ಟೇ ಅಂಗಡಿ ಇಟ್ಟುಕೊಂಡಿದ್ದ ಖಾಜಾ ಉಸ್ತಾದರ ಹತ್ತಿರ ಕೆಲಸ ಕಲಿತೆ. ಆಮೇಲೆ ಅದೇ ಊರಿನಲ್ಲಿ ಸ್ವಿಸ್ ವಾಚು ಮಾರುವ ದೊಡ್ಡ ಅಂಗಡಿಯೊಂದಕ್ಕೆ ಮೆಕ್ಯಾನಿಕ್ ಆಗಿ ಸೇರಿ, ನಿವೃತ್ತಿಯ ತನಕ ಅಲ್ಲೇ ಸವೆದೆ. ದೊಡ್ಡ ಗಿರಾಕಿಗಳ ಮನೆಗೇ ಹೋಗಿ ವಾಚು ನೋಡಿಕೊಡುವ ಪದ್ಧತಿ ಶುರುವಾದಾಗ ಆಳಂದ, ಅಫಜಲಪುರ, ಜೇವರ್ಗಿ ತಾಲೂಕುಗಳು ನನ್ನ ಪಾಲಿಗೆ ಬಂದವು. ಅದನ್ನು ಬಡ್ತಿ ಎಂದು ಅಂಗಡಿಯವರು ಹೇಳಿದರು. ಬಸ್ಸಿನಲ್ಲಿ ನಿಂತು ಹೋಗುವುದು ಬಡ್ತಿಯಾದರೆ ನನಗೆ ಬೇಕಾದಷ್ಟು ಸಿಕ್ಕಿದೆ.

ಉಸ್ತಾದರು ನನ್ನ ಕೈಗೆ ಮೊದಲ ಸಲ ಐಗ್ಲಾಸ್ ಕೊಟ್ಟಾಗ ಒಂದು ಮಾತು ಹೇಳಿದ್ದರು. ಐಗ್ಲಾಸ್ ಅಂದರೆ ಕಣ್ಣಿಗೆ ಸಿಕ್ಕಿಸಿಕೊಳ್ಳುವ ಚಿಕ್ಕ ಭೂತಗನ್ನಡಿ. "ಶರಣು, ಇದು ಹಾಕ್ಕೊಂಡ ಮ್ಯಾಲ ದುನಿಯಾದಾಗ ಸಾಫ್ ಅನ್ನೋ ಚೀಜ್ ಯಾವ್ದೂ ಉಳಿಯಂಗಿಲ್ಲ. ನೀ ನೋಡ್ಕೊ, ಗಿರಾಕಿ ಕೈಯಾಗ ಮಾತ್ರ ಕೊಡಬ್ಯಾಡ," ಎಂದಿದ್ದರು. ದೊಡ್ಡ ಅಂಗಡಿಯವರು ಸರಿಯಾಗಿ ಅದಕ್ಕೆ ತಿರುವುಮುರುವಾದ ನಿಯಮ ಮಾಡಿದ್ದರು. ಮನೆಯಲ್ಲಿ ಕೆಲಸ ಮುಗಿಸಿದ ಮೇಲೆ ಮಾಲೀಕರ ಕೈಗೆ ಐಗ್ಲಾಸ್ ಕೊಟ್ಟು, ವಾಚು ತೋರಿಸಿ, ಅವರ ಬಾಯಿಂದಲೇ "ಸರಿ ಅದ" ಅನ್ನಿಸಿಕೊಂಡು ಏಳಬೇಕು. ಆ ಮಾತೇ ನಮಗೆ ರಕ್ಷೆ ಎಂದು ನಂಬಿಸಿದ್ದರು.

ಇನ್ನು ಗೀರಿನ ವಿಷಯ. ನಿಂತುಹೋದ ವಾಚು ತಂದವನು ಸಾಮಾನ್ಯವಾಗಿ ಜಗಳವಾಡುವುದಿಲ್ಲ. ಮಷೀನು, ನಿಂತಿದೆ, ನಡೆಸಿಕೊಡಿ ಎನ್ನುತ್ತಾನೆ. ಗೀರು ಬಿದ್ದ ವಾಚು ತಂದವನ ಮುಖವೇ ಬೇರೆ. ಎಲ್ಲಿ ಎಂದು ಕೇಳಿದರೆ ಉಗುರಿನ ತುದಿಯಿಂದ ತೋರಿಸುತ್ತಾನೆ, ನಮಗೆ ಏನೂ ಕಾಣುವುದಿಲ್ಲ. ಆಗ ಅವನೇ ವಾಚು ಇಸಿದುಕೊಂಡು ಬಾಗಿಲ ಬೆಳಕಿಗೆ ಓರೆಯಾಗಿ ಹಿಡಿದು, "ಈಗ ನೋಡ್ರಿ," ಎನ್ನುತ್ತಾನೆ. ಕೂದಲಿಗಿಂತ ತೆಳ್ಳಗಿನ ಒಂದು ಗೆರೆ ಮಿಂಚಿ ಹೋಗುತ್ತದೆ. ಅದನ್ನು ಅವನು ಎಷ್ಟು ಸಲ ಹಾಗೆ ಹಿಡಿದು ನೋಡಿದ್ದಾನೆ, ಊಟದ ಮಧ್ಯೆ ನೋಡಿದ್ದಾನೆ, ಸತ್ತವರ ಮನೆಗೆ ಹೋದಲ್ಲಿಯೂ ನೋಡಿದ್ದಾನೆ ಎಂಬುದು ಆ ಕೈಯ ಅಭ್ಯಾಸದಿಂದಲೇ ಗೊತ್ತಾಗುತ್ತದೆ.

ಕಡಗಂಚಿಯಲ್ಲಿ ವಿಶ್ವವಿದ್ಯಾಲಯದ ಪ್ರೊಫೆಸರರೊಬ್ಬರಿದ್ದರು. ಅವರ ವಾಚಿನ ಗಾಜಿನ ಒಳಗೆ, ಆರರ ಅಂಕಿಯ ಪಕ್ಕ, ಒಂದು ಧೂಳಿನ ಕಣ. ಬೆಳಿಗ್ಗೆ ಎದ್ದರೆ ಅದು, ಪಾಠ ಮಾಡುವಾಗ ಅದು. "ನನಗೂ ಗೊತ್ತದ ರಿ ಇದು ಹುಚ್ಚು ಅಂತ. ಆದರ ಒಮ್ಮೆ ಕಂಡ ಮ್ಯಾಲ ಕಾಣಬ್ಯಾಡ ಅಂದ್ರ ಹೆಂಗ?" ಎಂದರು. ಅವರ ಕ್ವಾರ್ಟರ್ಸಿನಲ್ಲೇ ವಾಚು ಬಿಚ್ಚಿ, ಕಣ ತೆಗೆದು, ಮುಚ್ಚಿ ಕೊಟ್ಟೆ. ಫ್ಯಾನ್ ಆರಿಸಿದ್ದೆ, ಕಿಟಕಿ ಹಾಕುವುದನ್ನು ಮರೆತಿದ್ದೆ. ಬೇಸಿಗೆಯ ಗಾಳಿ, ಹೊರಗೆಲ್ಲ ಉತ್ತ ಹೊಲ. ಐಗ್ಲಾಸ್ ಹಾಕಿ ನೋಡಿದ ಪ್ರೊಫೆಸರರು ಮೆಲ್ಲಗೆ, "ಶರಣಪ್ಪ, ಅದು ಹೋತು. ಮೂರರ ಹತ್ತಿರ ಅದರ ತಮ್ಮ ಬಂದಾನ," ಎಂದರು. ಅವರ ಹೆಂಡತಿ ಒಳಗಿನಿಂದ ನಕ್ಕ ಸದ್ದು ಕೇಳಿತು. ಮತ್ತೆ ಬಿಚ್ಚಿದೆ. ಅವರದು ವಿಭೂತಿ ಧರಿಸುವ ಮನೆತನ. ನಾನು ಯಾವ ಓಣಿಯವನೆಂದು ತಿಳಿದ ಮೇಲೂ ಅವರ ತಾಯಿ ತಮ್ಮ ಪಕ್ಕದಲ್ಲೇ ಕೂರಿಸಿಕೊಂಡು ರೊಟ್ಟಿ, ಪುಂಡಿಪಲ್ಯ ಬಡಿಸಿದರು. ಇದನ್ನು ಈಗಲೇ ಹೇಳಿಬಿಡುತ್ತೇನೆ, ಮುಂದೆ ಬರೆಯುವಾಗ ನನಗೆ ಇಂಥವರ ನೆನಪು ಬರಲಿಕ್ಕಿಲ್ಲ.

ಜೇವರ್ಗಿಯ ಬೀಜ, ಗೊಬ್ಬರದ ವ್ಯಾಪಾರಿಯೊಬ್ಬರದು ಬೇರೆ ಕಥೆ. ಅಂಗಡಿಯ ಶಟರ್ ಜಾರಿ ಬಿದ್ದು ಅವರ ಹೊಸ ವಾಚಿನ ಪಕ್ಕಕ್ಕೆ ತಾಗಿತ್ತು. ನಾನು ಹೋದಾಗ ಅವರು ವಾಚನ್ನು ಮಗುವಿನಂತೆ ಟವೆಲ್ಲಿನಲ್ಲಿ ಸುತ್ತಿಟ್ಟುಕೊಂಡು ಕುಳಿತಿದ್ದರು. ಬೆಳಿಗ್ಗೆಯಿಂದ ಉಪ್ಪಿಟ್ಟು ಕೂಡ ತಿಂದಿಲ್ಲವೆಂದು ಮುನೀಮ ಹೇಳಿದ. ಪಕ್ಕದಲ್ಲಿ ಒಬ್ಬ ಹಮಾಲ ಬೆರಳಿಗೆ ಬಟ್ಟೆ ಸುತ್ತಿಕೊಂಡು ನಿಂತಿದ್ದ. ಬಟ್ಟೆಯಿಂದ ಇನ್ನೂ ಹನಿ ಬೀಳುತ್ತಿತ್ತು. ಏನಾಯಿತೆಂದು ಕೇಳಿದರೆ ಅದೇ ಶಟರ್. ಬೀಳುವುದನ್ನು ಹಿಡಿಯಲು ಹೋಗಿ ಇವನ ಬೆರಳು ಸಿಕ್ಕಿ ಉಗುರು ಕಿತ್ತುಹೋಗಿತ್ತು. "ಮೊದಲ ಇವನ್ನ ದವಾಖಾನಿಗೆ ಕಳಸ್ರಿ," ಎಂದೆ. ವ್ಯಾಪಾರಿ ನನ್ನ ಮುಖವನ್ನು ಅರ್ಥವಾಗದವರಂತೆ ನೋಡಿ, "ಉಗುರು ಮತ್ತ ಬರ್ತದರಿ. ಈ ಗೀರು ಹೋಗ್ತದೇನು, ಅದು ಹೇಳ್ರಿ," ಎಂದರು. ಗೀರು ಹೋಯಿತು. ಹಮಾಲನ ಉಗುರು ಬಂತೋ ಇಲ್ಲವೋ ನಾನು ವಿಚಾರಿಸಲಿಲ್ಲ. ಆಮೇಲೆ ಹೋದಾಗ ಅವನು ಅಲ್ಲಿ ಇರಲಿಲ್ಲ.

ಪಾಲಿಶ್ ವಿಷಯದಲ್ಲಿ ನಮ್ಮ ಕಾಲದಲ್ಲೇ ಪದ್ಧತಿ ತಲೆಕೆಳಗಾಯಿತು. ಮೊದಲು ಸರ್ವಿಸಿಗೆ ಬಂದ ವಾಚೆಲ್ಲ ಚಕ್ರಕ್ಕೆ ಹಿಡಿದು ಮಿಂಚಿಸಿ ಕೊಡುತ್ತಿದ್ದೆವು, ಗಿರಾಕಿ ಖುಷಿ. ಈಗ ಕೇಳದೆ ಮುಟ್ಟುವಂತಿಲ್ಲ. ಪ್ರತಿ ಪಾಲಿಶ್ ವಾಚಿನ ಮೈಯನ್ನು ಚೂರು ಚೂರು ತಿನ್ನುತ್ತದೆ, ಚೂಪಾದ ಮೂಲೆಗಳು ಸೋಪಿನಂತೆ ಸವೆದು ದುಂಡಗಾಗುತ್ತವೆ. ಅಂಚು ಕೆಡದಂತೆ ಗೀರು ಮಾತ್ರ ತೆಗೆಯುವ ಕೈ ಬೇಕು. ನಮ್ಮ ಅಂಗಡಿಯಲ್ಲಿ ಆ ಕೆಲಸ ನನ್ನದಾಗಿತ್ತು. ಈ ಧಂದೆಯಲ್ಲಿ ಮೆಕ್ಯಾನಿಕ್ಕಿಗೆ ಇರುವ ಆಸ್ತಿ ಇಷ್ಟೇ, ಇವನ ಕೈಯಿಂದ ಗೀರು ಬೀಳುವುದಿಲ್ಲ ಎಂಬ ಹೆಸರು. ಕಳ್ಳ ಎನ್ನಿಸಿಕೊಂಡವನಿಗೆ ಬೇರೆ ಅಂಗಡಿಯಲ್ಲಿ ಕೆಲಸ ಸಿಕ್ಕಿದ್ದು ಕಂಡಿದ್ದೇನೆ, ಗೀರಿನ ಕೈ ಎನ್ನಿಸಿಕೊಂಡವನಿಗೆ ಸಿಕ್ಕಿದ್ದು ಕಂಡಿಲ್ಲ.

ಮನೆಗೆ ಹೋಗಿ ಕೆಲಸ ಮಾಡುವುದು ಅಂಗಡಿಯಲ್ಲಿ ಕುಳಿತು ಮಾಡಿದಂತಲ್ಲ. ಅಂಗಡಿಯಲ್ಲಿ ಯಾರೂ ನಿನ್ನ ಓಣಿ ಕೇಳುವುದಿಲ್ಲ. ಮನೆಯಲ್ಲಿ ನೀರು ಕೊಡುವ ಮೊದಲೇ ಕೇಳುವವರಿದ್ದಾರೆ. "ಅಡ್ಡಹೆಸರೇನ್ರಿ?" ಎಂಬುದು ಮೊದಲ ಪ್ರಶ್ನೆ. ಹೊಸಮನಿ ಎಂದರೆ ಅವರಿಗೆ ಸಾಲದು, ನಮ್ಮ ಕಡೆ ಆ ಅಡ್ಡಹೆಸರಿನವರು ಎಲ್ಲ ಜಾತಿಯಲ್ಲೂ ಇದ್ದಾರೆ. "ಯಾರ ಪೈಕಿ?" ಎಂಬುದು ಎರಡನೆಯದು. ಉತ್ತರ ಕೇಳಿದ ಮೇಲೆ ಕಪಾಟಿನಿಂದ ಕಾಗದದ ಕಪ್ಪಿನ ಕಟ್ಟು ಬಿಚ್ಚುವ ಸದ್ದು ಬರುತ್ತದೆ. ನಮ್ಮಪ್ಪನಿಗೆ ಮೇಲಿನಿಂದ ಬೊಗಸೆಗೆ ನೀರು ಸುರಿಯುತ್ತಿದ್ದರು, ನನಗೆ ಕುಡಿದು ಬಿಸಾಡುವ ಕಪ್ಪು ಬಂತು. ಇದನ್ನು ಸ್ವಚ್ಛತೆ ಎನ್ನುತ್ತಾರೆ.

ಅಫಜಲಪುರದ ರಾಜಶೇಖರ ಸಾಹುಕಾರರ ಮನೆಯಲ್ಲಿ ಮಾತ್ರ ಬಹಳ ದಿನ ಆ ಪ್ರಶ್ನೆ ಬರಲಿಲ್ಲ. ಕಬ್ಬಿನ ಲಾರಿಗಳು, ರಸ್ತೆಯ ಗುತ್ತಿಗೆ, ದೊಡ್ಡ ವ್ಯವಹಾರ; ಮಾತು ಮಾತ್ರ ಮೆತ್ತಗೆ. ಪಡಸಾಲೆಯ ಗೋಡೆಯ ಮೇಲೆ, ಜಾತಿ ಬೇಡವೆಂದ ಶರಣರ ದೊಡ್ಡ ಪಟ, ಅದಕ್ಕೆ ದಿನಾ ಹೊಸ ಹಾರ. ಪಟದ ಕೆಳಗಿನ ಮಂಚದ ಮೇಲೆ ಅವರ ತಾಯಿ ನೀಲಮ್ಮನವರು ಕುಳಿತಿರುತ್ತಿದ್ದರು. ಹಣೆ ತುಂಬ ವಿಭೂತಿ, ಕೊರಳಲ್ಲಿ ಇಷ್ಟಲಿಂಗ ಇಡುವ ಬೆಳ್ಳಿಯ ಕರಡಿಗೆ. ಆ ಕರಡಿಗೆ ಕನ್ನಡಿಯಂತೆ ಹೊಳೆಯುತ್ತಿತ್ತು. ಕೆಲಸದವನ ಕಣ್ಣು, ತಡೆಯಲಾರದೆ ಒಮ್ಮೆ ಕೇಳಿಯೇಬಿಟ್ಟೆ. "ಸೋಮವಾರಕ್ಕೊಮ್ಮೆ ವಿಭೂತಿ ಹಾಕಿ ತಿಕ್ಕತೇನಪ್ಪ. ನಿಮ್ಮ ಮಷೀನಿಗೆ ಬರಂಗಿಲ್ಲ ಇಂಥ ಹೊಳಪು," ಎಂದು ಹೆಮ್ಮೆಯಿಂದ ಹೇಳಿದರು.

ಆ ಮನೆಯಲ್ಲಿ ನನಗೆ ಹೂವಿನ ಚಿತ್ರದ ಪಿಂಗಾಣಿ ಕಪ್ಪಿನಲ್ಲಿ ಚಹಾ ಬರುತ್ತಿತ್ತು, ಜೊತೆಗೆ ಶೇಂಗಾ ಹೋಳಿಗೆ. ಕೆಲಸ ಮುಗಿದ ಮೇಲೆ ಸಾಹುಕಾರರು ಎಡಗೈ ಚಾಚುವರು, ನಾನೇ ವಾಚು ಕಟ್ಟುವೆ. ಶರಣಪ್ಪ ಎಂಬ ಹೆಸರು ಕೇಳಿ ತಮ್ಮವನೇ ಎಂದುಕೊಂಡಿದ್ದಾರೆಂದು ನನಗೆ ಅನುಮಾನವಿತ್ತು. ಕೇಳದವರಿಗೆ ನಾನೇ ಹೋಗಿ ಹೇಳುವುದೇಕೆ ಎಂದು ಸುಮ್ಮನಿದ್ದೆ.

ಒಂದು ಸಲ ಸಾಹುಕಾರರ ಮೈ ಇಳಿದು ವಾಚು ಸಡಿಲವಾಯಿತು, ಸಕ್ಕರೆ ಕಾಯಿಲೆ ಶುರುವಾಗಿತ್ತು. ಚಿನ್ನದ ಚೈನು, ಗಾಜಿನ ಸುತ್ತ ಚಿನ್ನದ ಅಂಚಿದ್ದ ವಾಚು ಅದು. ಚೈನಿನ ಒಂದು ಕೊಂಡಿ ತೆಗೆದು ಬಿಗಿ ಮಾಡಿ ಕೊಡಲು ಹೋಗಿದ್ದೆ. ನೀಲಮ್ಮನವರು ಮಾತಿನ ನಡುವೆ, "ಶರಣಪ್ಪ, ನಿಂದು ಯಾವೂರು ಅಂದಿ?" ಎಂದರು.

"ಇಜೇರಿ ರಿ ಅವ್ವಾರ."

"ಹೌದೇನು, ನಮ್ಮ ತಂಗಿಯನ್ನ ಅಲ್ಲೇ ಕೊಟ್ಟೇವಿ. ನೀವು ಯಾವ ಓಣಿ?"

ಬಸ್‌ಸ್ಟ್ಯಾಂಡ್ ಕಡೆ ಎಂದು ಹೇಳಿ ತಪ್ಪಿಸಿಕೊಳ್ಳಬಹುದಿತ್ತು. ಬಾಡಿಗೆ ಮನೆ ಹುಡುಕುವಾಗ ನಮ್ಮವರು ಅನೇಕರು ಹಾಗೆ ಹೇಳುತ್ತಾರೆ. ಆ ಮುದುಕಿ ಅಷ್ಟು ಅಕ್ಕರೆಯಿಂದ ಕೇಳಿದ್ದಳು, ಸುಳ್ಳು ಹೇಳಲು ಮನಸ್ಸಾಗಲಿಲ್ಲ. "ಬುದ್ಧವಿಹಾರದ ಓಣಿ ರಿ," ಎಂದೆ.

"ಹೌದಾ," ಎಂದರು. ಬೈಯಲಿಲ್ಲ, ಮುಖ ಸಿಂಡರಿಸಲಿಲ್ಲ. ನನ್ನ ಮುಂದಿದ್ದ ಹೋಳಿಗೆಯ ತಟ್ಟೆಯನ್ನು ಒಮ್ಮೆ ನೋಡಿದರು. ಸಾಹುಕಾರರು ಮೊಬೈಲ್ ತೆಗೆದರು. ನಾನು ತಲೆ ತಗ್ಗಿಸಿ ಕೊಂಡಿ ಕೂಡಿಸಿ, ಒರೆಸಿ, ನಿಯಮದ ಪ್ರಕಾರ ಅವರ ಕೈಗೆ ಐಗ್ಲಾಸ್ ಕೊಟ್ಟೆ. ವಾಚನ್ನು ಬಾಗಿಲ ಬೆಳಕಿಗೆ ಹಿಡಿದು ಸುತ್ತಲೂ ತಿರುಗಿಸಿ ನೋಡಿದರು. "ಫಸ್ಟ್‌ಕ್ಲಾಸ್ ಅದ," ಎಂದರು. ನಾನು ಕಟ್ಟಲೆಂದು ಎದ್ದರೆ ಕೈ ಚಾಚಲಿಲ್ಲ. ವಾಚನ್ನು ಟೀಪಾಯಿಯ ಮೇಲೆ ಇಟ್ಟು, "ಇರ್ಲಿ ರಿ, ಆಮ್ಯಾಗ ಕಟ್ಕೋತೇನಿ," ಎಂದರು. ಚಪ್ಪಲಿ ಹಾಕಿಕೊಳ್ಳುವಾಗ ಮನೆಯ ಆಳು ಹೆಂಗಸು ನನ್ನ ಕಪ್ಪನ್ನು ಎರಡು ಬೆರಳಲ್ಲಿ ಹಿಡಿದು ಹಿತ್ತಲ ಕಡೆ ಒಯ್ಯುತ್ತಿದ್ದಳು.

ಕೆಲವು ದಿನಗಳಾದ ಮೇಲೆ ನಮ್ಮ ಮ್ಯಾನೇಜರ್ ವಿನಾಯಕ ಸರ್ ಕೌಂಟರಿಗೆ ಕರೆಸಿದರು. ಅಲ್ಲಿ ಸಾಹುಕಾರರು ಕುಳಿತಿದ್ದರು. ಅವರ ವಾಚು ಮಖಮಲ್ಲಿನ ಮೇಲೆ ಇತ್ತು. "ಏನ್ರಿ ಶರಣಪ್ಪ ಇದು? ರಿಟೈರ್ ಆಗೋ ಹೊತ್ತಿನಾಗ ಕೈ ನಡುಗಾಕತ್ತದೇನು?" ಎಂದರು ಮ್ಯಾನೇಜರ್. ಸುತ್ತ ಗಿರಾಕಿಗಳಿದ್ದರು, ಕೌಂಟರಿನ ಹುಡುಗಿಯರಿದ್ದರು.

ಐಗ್ಲಾಸ್ ಹಾಕಿ ನೋಡಿದೆ. ಚಿನ್ನದ ಅಂಚಿನ ಸುತ್ತಲೂ ಸಣ್ಣ ಸಣ್ಣ ಗೀರುಗಳು, ಯಾರೋ ಪಾತ್ರೆ ತಿಕ್ಕಿದಂತೆ ದುಂಡಗೆ ತಿಕ್ಕಿದ್ದರು. ಮೆಕ್ಯಾನಿಕ್ಕಿನ ಹತಾರ ಜಾರಿದರೆ ಒಂದೇ ಕಡೆ ಉದ್ದನೆಯ ಗೀರು ಬೀಳುತ್ತದೆ, ಹೀಗಲ್ಲ. ಚೈನಿನ ಸಂದಿಗಳಲ್ಲಿ ಬಿಳಿ ಪುಡಿ ಕೂತಿತ್ತು. ಕಡ್ಡಿಯಿಂದ ಕೆದಕಿ ಬೆರಳಲ್ಲಿ ತಿಕ್ಕಿ ಮೂಸಿದೆ. ಯಾವ ಊರಿನಲ್ಲಿ ಹುಟ್ಟಿದ್ದೇನೆ ನಾನು, ಆ ವಾಸನೆ ಗೊತ್ತಿಲ್ಲವೇ. ನೀಲಮ್ಮನವರ ಕರಡಿಗೆ ಕಣ್ಣ ಮುಂದೆ ಬಂತು. ಕರಡಿಗೆಗೆ ಹೊಳಪು ಕೊಡುವ ವಿಭೂತಿ ವಾಚನ್ನು ಕೆಡಿಸೀತೆಂದು ಆ ಮುದುಕಿಗೆ ಹೇಗೆ ಹೊಳೆಯಬೇಕು.

"ಸಾವಕಾರ್ರ, ಮನ್ಯಾಗ ಇದಕ್ಕ ವಿಭೂತಿ ಹಚ್ಚಿ ಒರೆಸ್ಯಾರ ಏನ್ರಿ?" ಎಂದು ಕೇಳಿದೆ. ಇಲ್ಲ ಎನ್ನುತ್ತಾರೆ, ನಾಚಿಕೆ ಪಡುತ್ತಾರೆ ಎಂದುಕೊಂಡಿದ್ದೆ.

"ಹೌದ್ರಿ, ಅವ್ವ ಒರೆಸ್ಯಾಳ. ಹಳೇ ಮಂದಿ, ಹೇಳಿದ್ರ ಕೇಳಂಗಿಲ್ಲ. ನೀವು ಮುಟ್ಟಿ ಹೋದ್ರಿ ಅಂತ ಶುದ್ಧ ಮಾಡ್ಯಾಳ. ಅದಕ್ಕೂ ಗೀರಿಗೂ ಏನ್ ಸಂಬಂಧ?"

ಇಷ್ಟನ್ನು ಅವರು ಹೊಲದಲ್ಲಿ ಮಳೆಯಾಯಿತು ಎಂದು ಹೇಳಿದಷ್ಟು ಸಲೀಸಾಗಿ ಹೇಳಿದರು. ಕೌಂಟರಿನಲ್ಲಿ ಯಾರೂ ತಲೆ ಎತ್ತಲಿಲ್ಲ.

"ಸಂಬಂಧ ಅದೇ ರಿ. ಬೂದ್ಯಾಗ ಮರಳಿನಂಥ ಕಣ ಇರ್ತಾವ, ಚಿನ್ನ ಮೆತ್ತಂದು. ಬೆಳ್ಳಿ ಕರಡಿಗಿಗೂ ಗೀರು ಬೀಳ್ತಾವ, ಅದನ್ನ ಯಾರೂ ಐಗ್ಲಾಸ್ ಹಾಕಿ ನೋಡಂಗಿಲ್ಲ."

ಆಗ ಅವರಿಗೆ ನೋವಾಯಿತು. "ವಿಭೂತಿಯಿಂದ ಕೆಡ್ತದ ಅಂತೀರೇನು? ಮ್ಯಾನೇಜರ್ರ, ನಾ ಜಗಳಕ್ಕ ಬಂದಿಲ್ಲ. ದೇವರ ಸುದ್ದಿ ತೆಗೀಬ್ಯಾಡಂತ ಹೇಳ್ರಿ ಇವರಿಗೆ," ಎಂದರು. ನೋಡನೋಡುತ್ತಲೇ ಮಾತು ಎಲ್ಲಿಂದ ಎಲ್ಲಿಗೋ ಹೋಗಿ, ದೇವರನ್ನು ಬೈದವನು ನಾನಾದೆ.

ವಿನಾಯಕ ಸರ್ ಗಾಬರಿಯಿಂದ ಕೈ ಜೋಡಿಸಿದರು. "ತಪ್ಪು ನಮ್ಮದೇ ರಿ ಸಾವಕಾರ್ರ. ನಮ್ಮ ಮೆಕ್ಯಾನಿಕ್ ಕೈಯಿಂದ ಆಗೇದ. ಪಾಲಿಶ್ ಮಾಡಿಸಿ ಹೊಸಾದು ಮಾಡಿ ಕೊಡ್ತೇವಿ."

"ಮಾಡಸ್ರಿ, ಆದರ ಬ್ಯಾರೆಯವರ ಕೈಲೆ. ಇವರ ಮ್ಯಾಲ ನನಗೇನು ಸಿಟ್ಟಿಲ್ಲ. ಇವರು ಮುಟ್ಟಿದ್ರ ಅವ್ವ ಮತ್ತ ಒರೆಸ್ತಾಳ, ಮತ್ತ ಗೀರು ಬೀಳ್ತಾವ."

ಈ ಕೊನೆಯ ಮಾತನ್ನು ಓದುವ ಹುಡುಗರು ಇನ್ನೊಮ್ಮೆ ಓದಬೇಕು. ಒರೆಸಿದ್ದರಿಂದಲೇ ಗೀರು ಬಿತ್ತೆಂದು ಅವರೇ ಒಪ್ಪಿಕೊಂಡಿದ್ದರು. ಅಂಗಡಿ ತುಂಬ ಜನ ಕೇಳಿಸಿಕೊಂಡರು. ಅದು ನನ್ನ ಪರವಾದ ಮಾತು ಎಂದು ಯಾರಿಗೂ ಅನ್ನಿಸಲಿಲ್ಲ. ಮನೆಯಲ್ಲಿ ಐಗ್ಲಾಸ್ ಹಿಡಿದು ಅವರೇ ಅಂದಿದ್ದ "ಫಸ್ಟ್‌ಕ್ಲಾಸ್" ಕೂಡ ನನಗೆ ರಕ್ಷೆಯಾಗಲಿಲ್ಲ.

ಸಾಹುಕಾರರು ಹೋದ ಮೇಲೆ ವಿನಾಯಕ ಸರ್ ನನ್ನನ್ನು ಒಳಗೆ ಕರೆದರು. ಕೆಟ್ಟ ಮನುಷ್ಯರಲ್ಲ ಅವರು, ಮಗಳ ಫೀಸಿಗೆ ಒಮ್ಮೆ ಸಹಾಯ ಮಾಡಿದ್ದರು. "ನನಗೂ ಗೊತ್ತದ ಶರಣಪ್ಪ. ಆದರ ಏನ್ ಮಾಡಲಿ? ಅವರ ಮನಿತನದ ವಾಚೆಲ್ಲ ನಮ್ಮಲ್ಲೇ ಬರ್ತಾವ. ಅಂಚು ಉಳಿಸಿ ಪಾಲಿಶ್ ಮಾಡೋರು ನಿಮ್ಮ ಬಿಟ್ಟರ ಇಲ್ಲಿ ಯಾರದಾರ? ಒಳಗ ಕುಂತು ಮಾಡಿಬಿಡ್ರಿ. ಕೌಂಟರಿನ ಪ್ರಕಾಶ ಮುಂದ ನಿಂತು ಕೊಡ್ತಾನ."

"ಮಾಡ್ತೇನಿ ರಿ. ಗೀರು ಶರಣಪ್ಪನ ಕೈಯಿಂದ ಆಗಿದ್ದಲ್ಲ ಅಂತ ಒಂದ್ ಮಾತು ಎಲ್ಲಾರ ಮುಂದ ಹೇಳ್ರಿ, ಸಾಕು," ಎಂದೆ. 

"ಆತು, ಹೇಳೋಣಂತ," ಎಂದರು. ನನಗೆ ಬೇಕಾಗಿದ್ದು ಆ ಒಂದು ಮಾತು, ಬೇರೇನೂ ಅಲ್ಲ.

ಯಾಕೆ ಮಾಡಿಕೊಟ್ಟಿ ಎಂದು ಮಗಳು ಇವತ್ತಿಗೂ ಸಿಟ್ಟಾಗುತ್ತಾಳೆ. ಗೀರು ಬಿದ್ದ ವಾಚು ಕಣ್ಣ ಮುಂದಿದ್ದರೆ ನನ್ನ ಕೈ ಸುಮ್ಮನಿರುವುದಿಲ್ಲ, ಅಷ್ಟೇ ಕಾರಣ. ವಾಚಿನದೇನು ತಪ್ಪು ಅದರಲ್ಲಿ. ವಿಭೂತಿಯ ಪುಡಿಯನ್ನೆಲ್ಲ ತೊಳೆದು ತೆಗೆದು, ಅಂಚಿನ ಚೂಪು ಹೋಗದಂತೆ, ಮೆತ್ತನೆಯ ಚಕ್ರದ ಮೇಲೆ ಸ್ವಲ್ಪ ಸ್ವಲ್ಪವೇ ಹಿಡಿದೆ. ನನ್ನ ಜೀವನದಲ್ಲಿ ಅಷ್ಟು ಒಳ್ಳೆಯ ಪಾಲಿಶ್ ಮತ್ತೊಂದು ಮಾಡಿಲ್ಲ. ಸಿಟ್ಟಿನಲ್ಲಿ ಕೈ ಸ್ಥಿರವಾಗುತ್ತದೆಂದು ಆವತ್ತು ಗೊತ್ತಾಯಿತು.

ಸಾಹುಕಾರರು ಬಂದಾಗ ನಾನು ಒಳಕೋಣೆಯ ಪರದೆಯ ಹಿಂದೆ ನಿಂತಿದ್ದೆ. ವಾಚು ಮಾರುವ ಪ್ರಕಾಶ, ಬಿಳಿ ಗ್ಲೌಸು ಹಾಕಿಕೊಂಡು ಮುಂದಿಟ್ಟ. ಅವನಿಗೆ ಸ್ಕ್ರೂ ತಿರುಗಿಸಲಿಕ್ಕೂ ಬರುವುದಿಲ್ಲ. ಸಾಹುಕಾರರು ಐಗ್ಲಾಸ್ ಹಾಕಿ, ಬಾಗಿಲ ಬೆಳಕಿಗೆ ಹಿಡಿದು, ಬಹಳ ಹೊತ್ತು ನೋಡಿದರು. "ಕೈ ಅಂದ್ರ ಹಿಂಗಿರಬೇಕು ನೋಡ್ರಿ," ಎಂದು ಎಡಗೈ ಚಾಚಿದರು. ಪ್ರಕಾಶ ವಾಚು ಕಟ್ಟಿದ. ಅವನ ಮುಖ ಬಾಡಿಹೋಗಿತ್ತು. ಮ್ಯಾನೇಜರ್ ನನ್ನ ವಿಷಯ ಎತ್ತಲಿಲ್ಲ. ಮರುದಿನವೂ ಎತ್ತಲಿಲ್ಲ.

ಮಾತು ಬಸ್ಸಿಗಿಂತ ಬೇಗ ಓಡುತ್ತದೆ. ಆಳಂದದ ಗಿರಾಕಿಯೊಬ್ಬರು ಶರಣಪ್ಪ ಬೇಡ, ಬೇರೆಯವರನ್ನು ಕಳಿಸಿ ಎಂದು ಫೋನ್ ಮಾಡಿದರು. ಶಟರ್ ಬಿದ್ದ ಆ ಬೀಜದ ವ್ಯಾಪಾರಿಯೂ ಮಾಡಿದರು. ಮನೆಗಳಿಗೆ ಹೋಗುವ ಕೆಲಸ ನನ್ನಿಂದ ತೆಗೆದು, ಬೆಲ್ಟು ಬದಲಿಸುವುದಕ್ಕೆ, ಸೆಲ್ ಹಾಕುವುದಕ್ಕೆ ಕೂರಿಸಿದರು. ಬೀಳ್ಕೊಡುಗೆಯ ದಿನ ಶಾಲು ಹೊದಿಸಿ, ಗೋಡೆ ಗಡಿಯಾರ ಕೊಟ್ಟರು. ವಿನಾಯಕ ಸರ್ ಭಾಷಣದಲ್ಲಿ, "ಕೊನೆಗೆ ಕೈ ಸ್ವಲ್ಪ ನಡುಗಿದರೂ ನಮ್ಮ ಶರಣಪ್ಪ ನಿಯತ್ತಿನ ಮನುಷ್ಯ," ಎಂದರು. ಜನ ಚಪ್ಪಾಳೆ ತಟ್ಟಿದರು. ಮುಂದಿನ ಸಾಲಿನಲ್ಲಿ ನನ್ನ ಹೆಂಡತಿ ಸುಜಾತಾ ಕುಳಿತಿದ್ದಳು, ಅವಳೂ ತಟ್ಟಬೇಕಾಯಿತು.

ಈಗ ಮನೆಯ ಕಿಟಕಿಯ ಹತ್ತಿರ ಒಂದು ಮೇಜು ಹಾಕಿಕೊಂಡು, ಓಣಿಯವರ ವಾಚು ನೋಡಿಕೊಡುತ್ತೇನೆ. ಈಚೆಗೆ ಒಂದು ಬೆಳಿಗ್ಗೆ ಬಾಗಿಲ ಮುಂದೆ ದೊಡ್ಡ ಕಾರು ನಿಂತಿತು. ಕಿಟಕಿಯಿಂದ ನೋಡಿದೆ. ರಾಜಶೇಖರ ಸಾಹುಕಾರರು ಎದುರಿನ ಹೋಟೆಲಿನ ಕಟ್ಟೆಯ ಹತ್ತಿರ ನಿಂತು ಚಹಾ ಕುಡಿಯುತ್ತ, ಹೋಟೆಲಿನವನಿಗೆ ನನ್ನ ಮನೆ ಕೇಳುತ್ತಿದ್ದರು. ಗ್ಲಾಸ್ ಖಾಲಿ ಮಾಡಿ ಇಟ್ಟು, ಬಾಯಿ ಒರೆಸಿಕೊಂಡು ಬಂದರು. ವಯಸ್ಸಾಗಿತ್ತು. ನಮ್ಮ ಪ್ಲಾಸ್ಟಿಕ್ ಕುರ್ಚಿಯ ತುದಿಯಲ್ಲಿ ಕುಳಿತು, ಕರವಸ್ತ್ರದ ಗಂಟು ಬಿಚ್ಚಿ ವಾಚು ಹೊರಗಿಟ್ಟರು. ಕಾರಿನ ಬಾಗಿಲು ತಾಗಿ ಚಿನ್ನದ ಅಂಚಿಗೆ ಗೀರು ಬಿದ್ದಿತ್ತು.

"ಪ್ರಕಾಶಗ ಕೊಡಾಕ ಹೋಗಿದ್ದೆ ರಿ. ಆವತ್ತು ಮಾಡಿದ್ದು ನಾ ಅಲ್ಲ, ಶರಣಪ್ಪನವರು ಅಂದ. ಎಲ್ಲಾ ಕಡೆ ತೋರಿಸಿದೆ, ಅಂಥ ಕೈ ಎಲ್ಲೂ ಸಿಗಲಿಲ್ಲ. ಈಗ ಅವ್ವನೂ ಇಲ್ಲ, ಹೋಗಿಬಿಟ್ಟಳು. ಒರೆಸೋರು ಯಾರೂ ಇಲ್ಲ," ಎಂದು ಸ್ವಲ್ಪ ನಕ್ಕರು.

ನೀಲಮ್ಮನವರು ತೀರಿಕೊಂಡಿದ್ದು ಕೇಳಿ ನನಗೆ ಬೇಸರವಾಯಿತು. ಅವರ ಹೋಳಿಗೆ ತಿಂದಿದ್ದೇನೆ. "ಮಾಡಿ ಕೊಡ್ತೇನಿ ಸಾವಕಾರ್ರ," ಎಂದೆ. "ಅದಕ್ಕ ಮೊದಲ ಒಂದ್ ಕೆಲಸ ಮಾಡ್ರಿ. ವಿನಾಯಕ ಸರ್‌ಗೆ ಫೋನ್ ಹಚ್ಚಿ, ಆವತ್ತಿನ ಗೀರು ಶರಣಪ್ಪನ ಕೈಯಿಂದ ಆಗಿದ್ದಲ್ಲ ಅಂತ ಹೇಳ್ರಿ. ಅಷ್ಟೇ."

"ಅಯ್ಯ, ಆಗಿ ಹೋದದ್ದು ಬಿಡ್ರಿ, ಈಗ್ಯಾಕ ಅದು. ನನ್ನ ಮನಸಿನಾಗ ಏನೂ ಇಲ್ಲ," ಎಂದರು. ತಮ್ಮ ಮನಸ್ಸಿನಲ್ಲಿ ಏನೂ ಇಲ್ಲವೆಂದು ನನಗೆ ಸಮಾಧಾನ ಹೇಳಿದರು.

ಆಗ ಸುಜಾತಾ ಚಹಾ ತಂದಳು, ಮಗಳು ಕೊಂಡುತಂದ ಹೊಸ ಪಿಂಗಾಣಿ ಕಪ್ಪಿನಲ್ಲಿ. ಸಾಹುಕಾರರು ಕಪ್ಪನ್ನು ನೋಡಿ ಎರಡೂ ಕೈ ಮಡಿಲಲ್ಲಿ ಇಟ್ಟುಕೊಂಡರು. "ಚಹಾ ಬಿಟ್ಟೇನ್ರಿ ಅಕ್ಕಾರ. ಶುಗರ್ ಅದ ನನಗ."

"ಸಕ್ರಿ ಹಾಕದ ಬ್ಯಾರೆ ಮಾಡ್ತೇನ್ರಿ," ಎಂದಳು ಅವಳು.

"ಬ್ಯಾಡ್ರಿ. ಚಹಾನೇ ಬಿಟ್ಟುಬಿಟ್ಟೇನಿ."

ಎದುರಿನ ಕಟ್ಟೆಯ ಮೇಲೆ ಅವರು ಕುಡಿದಿಟ್ಟ ಗ್ಲಾಸ್ ಕಿಟಕಿಯಿಂದ ಕಾಣುತ್ತಿತ್ತು. ಹೋಟೆಲಿನವನು ಇನ್ನೂ ಎತ್ತಿರಲಿಲ್ಲ. ನಾನು ವಾಚನ್ನು ಕರವಸ್ತ್ರದ ಮೇಲೆ ಮೊದಲಿನಂತೆಯೇ ಇಟ್ಟು ಅವರ ಕಡೆ ಸರಿಸಿದೆ.

"ನಾನೂ ಕೆಲಸ ಬಿಟ್ಟೇನ್ರಿ ಸಾವಕಾರ್ರ," ಎಂದೆ.

ಅವರು ಮೇಜಿನ ಕಡೆ ನೋಡಿದರು. ಅಲ್ಲಿ ಓಣಿಯ ಹುಡುಗನ ವಾಚು ಬಿಚ್ಚಿದಂತೆಯೇ ಇತ್ತು, ಪಕ್ಕದಲ್ಲಿ ಐಗ್ಲಾಸ್. ಗಂಟು ಕಟ್ಟಿಕೊಂಡು ಎದ್ದರು. ಹೊಸ್ತಿಲಲ್ಲಿ ನಿಂತು ವಾಚನ್ನು ಮತ್ತೆ ಹೊರತೆಗೆದು, ಬೆಳಕಿಗೆ ಓರೆಯಾಗಿ ಹಿಡಿದು ಆ ಗೀರನ್ನು ಒಮ್ಮೆ ನೋಡಿಕೊಂಡು ಹೋದರು.

ಆ ಚಹಾ ನಾನೇ ಕುಡಿದೆ. ಕೆನೆ ಕಟ್ಟಿತ್ತು, ಸಕ್ಕರೆ ಬಹಳವಾಗಿತ್ತು. ದೊಡ್ಡ ಮನುಷ್ಯರು ಮನೆಗೆ ಬಂದಿದ್ದಾರೆಂದು ಸುಜಾತಾ ಕೈಬಿಚ್ಚಿ ಹಾಕಿದ್ದಳು.